ಬಾಣಂತಿ ಖೋಲ್ಯಾಗ ಥಿನ್ನರ್ ಡಬ್ಬಿ

ನನ್ನ ಹೆಸರು ರೇಣವ್ವ. ಸಂಭಾಜಿನಗರದಾಗ ಒಂದು ಫರ್ನಿಚರ್ ಕಾರ್ಖಾನ್ಯಾಗ ಪಾಲಿಶ್ ಕೆಲಸಾ ಮಾಡತೀನಿ. ನನಗ ಸಿಟ್ಟು ಜಲ್ದಿ ಬರತೈತಿ, ಮೊದಲ ಹೇಳಿಬಿಡ್ತೀನಿ. ಬಂದಂಗ ಇಳದೂ ಹೋಗತೈತಿ. ಆದ್ರ ಈ ಸಿಟ್ಟು ಇನ್ನೂ ಇಳದಿಲ್ಲ.

ನನ್ನ ತಮ್ಮ ಪರಮೇಶ್ವರ ನಾಸಿಕದಾಗ ಪೇಂಟರ್. ದಿಂಡೋರಿ ರಸ್ತಾಕ್ಕ ಒಂದು ಬಿಲ್ಡಿಂಗ್ ಏಳಾಕತ್ತೈತಿ. ಅದರ ತಳದಾಗಿನ ಒಂದು ಖೋಲ್ಯಾಗ ಅವರ ಸಂಸಾರ. ಹೆಂಡ್ತಿ ಜಗದೇವಿ ಹಡದಿದ್ಲು. ಪಾಪ, ತವರಿಲ್ಲದ ಹುಡುಗಿ. ಬಾಣಂತನಕ್ಕ ನಾನ ಹ್ವಾದೆ.

ಬಾಗಲಾ ತೆರದೆ. ಯವ್ವಾ! ಬಣ್ಣಕ್ಕ ಕಲಸೋ ಥಿನ್ನರ್ ವಾಸನಿ ಮೂಗಿಗೆ ಹೊಡೀತು. ನಿಫಾಡ ಊರಿನ ಕಡಿಂದ ಥಂಡಿ ಗಾಳಿ ಬೀಸತೈತಿ ಅಂತ ಕಿಡಕಿಗೆ ಗೋಣಿಚೀಲ ಬಡದಿದ್ರು. ಜಗದೇವಿ ಹೊರಸಿನ ಮ್ಯಾಲೆ ಮಲಗಿದ್ಲು. ಮಗ್ಗಲಕ್ಕ ಸೀರಿ ತೊಟ್ಟಿಲದಾಗ ಕೂಸು. ಹೊರಸಿನ ಕೆಳಗ ಬಾಣಂತಿ ಕಾಸಾಕ ಅಗ್ಗಿಷ್ಟಿಗಿ, ಅದರಾಗ ನಿಗಿನಿಗಿ ಕೆಂಡ. ಎದುರಿನ ಗ್ವಾಡಿಗೆ ಸಾಲಾಗಿ ಥಿನ್ನರ್ ಡಬ್ಬಿ! ಒಂದು ಬೋಗುಣ್ಯಾಗ ಥಿನ್ನರ್ ಹಾಕಿ ಬ್ರಷ್ ನೆನಿ ಇಟ್ಟಿದ್ರು, ಅದಕ್ಕ ಮುಚ್ಚಳಾನೂ ಇಲ್ಲ.

“ಪರಮ್ಯಾ, ಮೈಯಾಗ ಖಬರ್ ಐತೇನಲೇ?” ಅಂದೆ.

“ಯಾಕಕ್ಕಾ, ಬಂದಾಕಿನ ಶುರು ಮಾಡಿದಿ? ಹೊರಗ ಇಟ್ರ ಕದೀತಾರ. ಡಬ್ಬಿ ಕಾಯಲಿ ಅಂತನ, ನಮ್ಮನ್ನ ಕೆಲಸಕ್ಕ ಹಚ್ಚಿದ ಮುಕಾದಮ ನಮಗ ಈ ಖೋಲಿ ಕೊಟ್ಟಾನ.”

“ಬಾಣಂತಿನ್ನ ಕಾವಲಿಗೆ ಹಚ್ಚ್ಯಾನೇನು?”

ಜಗದೇವಿ ಸಣ್ಣ ದನಿಲೆ ಅಂದ್ಲು, “ವೈನಿ, ತಲಿ ಸಿಡೀತೈತ್ರಿ. ಕೂಸೂ ಒಂದಸವನ ಅಳತೈತಿ. ಗಾಳಿ ಹೊಕ್ಕೈತಿ ಅಂತ ಇವರು ಇದ್ದೊಂದು ಕಿಡಕೀನೂ ಮುಚ್ಚಿದ್ರು.”

“ಗಾಳಿ ಹೊಕ್ಕಿದ್ದಲ್ಲವಾ, ಗಾಳಿ ಇಲ್ಲದ್ದಕ್ಕ ತಲಿ ಸಿಡೀತೈತಿ! ಈ ಥಿನ್ನರಿನ ಹಬಿ ಕುಡದ ನೀವಿಬ್ಬರೂ ಹಿಂಗಾಗೀರಿ.”

ಪರಮೇಶ್ವರ ನಕ್ಕ. “ಡಬ್ಬಿ ಆ ಮೂಲ್ಯಾಗ, ಕೆಂಡ ಈ ಮೂಲ್ಯಾಗ. ನಡಕೊಂತ ಬರತೈತೇನಕ್ಕಾ ಬೆಂಕಿ? ಇಷ್ಟು ವರ್ಷ ಕೆಲಸಾ ಮಾಡೀನಿ, ಏನೂ ಆಗಿಲ್ಲ.”

“ಹೌದಪ್ಪಾ, ನಡಕೊಂತ ಬರತೈತಿ! ಕಣ್ಣಿಗೆ ಕಾಣದ ಹಬಿ ಅದು, ಗಾಳಿಗಿಂತ ಭಾರ. ನೆಲಾ ಹಿಡದ ಹರೀತೈತಿ. ಎಲ್ಲಿ ಕೆಂಡ ಸಿಗತೈತಿ, ಎಲ್ಲಿ ಕಿಡಿ ಸಿಗತೈತಿ, ಅಲ್ಲೇ ಭಗ್ ಅಂತ ಹೊತ್ತಿ, ಬಂದ ಹಾದೀಲೆ ಡಬ್ಬಿತನಕ ಓಡತೈತಿ. ನಮ್ಮ ಕಾರ್ಖಾನ್ಯಾಗ ಬೀಡಿ ಸೇದಾವ ಬಾಗಲದ ಹೊರಗಿದ್ದ, ಸುಟ್ಟುಕೊಂಡಾಂವ ಒಳಗ ಕುಂತಿದ್ದ. ನಾ ಕಣ್ಣಾರೆ ನೋಡೀನಿ.”

ತಮ್ಮನ ನಗು ನಿಂತತು. ಜಗದೇವಿ ಎದ್ದಳು, ತೊಟ್ಟಿಲದಾಗಿನ ಕೂಸಿನ್ನ ಎತ್ತಿ ಎದಿಗೆ ಅವಚಿಕೊಂಡಳು, ಹೊರಗ ಬಿಸಲಾಗ ಹೋಗಿ ಕುಂತಳು. ನಾನು ಬೋಗುಣಿ ಮ್ಯಾಲೆ ತಗಡ ಮುಚ್ಚಿ, ಡಬ್ಬಿ ಮುಚ್ಚಳ ಬಿಗಿ ಮಾಡಿ, ಬಾಗಲಾ ತೆರದಿಟ್ಟೆ. ಈಗ ಕೆಂಡ ಅಲುಗಿಸಿದ್ರ ಕಿಡಿ ಹಾರತೈತಿ, ವಾಸನಿ ಹ್ವಾದ ಮ್ಯಾಲೆ ತಗಿಯೋಣಂತ ತಮ್ಮನ್ನೂ ಕರಕೊಂಡು, ಹೊರಗಿಂದ ಗೋಣಿಚೀಲ ಹರಿಯಾಕ ಹ್ವಾದೆ.

ಅಷ್ಟರಾಗ ಬಂದ ನೋಡ್ರಿ ಮುಕಾದಮ ಗುರುಬಸವ. ನಮ್ಮೂರು ಇಂಡಿ ಕಡೆಯವನ. “ಬಾಣಂತಿ ಯಾಕ ಹೊರಗ? ಡಬ್ಬಿ ಯಾರ ನೋಡ್ತಾರ?” ಅಂತ ಒದರಿಕೊಂತ ಸೀದಾ ಒಳಗ ನುಗ್ಗಿದ. ನಾನು ಕಿಡಕೀಲೆ ಚೀರಿದೆ, “ಒಳಗ ಕೆಂಡ ಐತಿ, ಡಬ್ಬಿ ಮುಟ್ಟಬ್ಯಾಡ!”

“ನೀ ಯಾರ ನನಗ ಹೇಳಾಕಿ?” ಅಂದವನ ಒಂದು ಡಬ್ಬಿ ಮುಚ್ಚಳ ತಗದು ಬಗ್ಗಿಸಿ, ಕೆಲಸಕ್ಕ ಒಯ್ಯಾಕಂತ ಕುಡಿಯೋ ನೀರಿನ ಬಾಟ್ಲಿಗೆ ಥಿನ್ನರ್ ಸುರುವಿದ. ಅರ್ಧಾ ನೆಲಕ್ಕ ಚೆಲ್ಲಿತು.

ಭಗ್!

ಹೊರಸಿನ ಕೆಳಗಿಂದ ನೀಲಿ ಉರಿ ನೆಲದ ಮ್ಯಾಲೆ ಓಡಿತು. ತೊಟ್ಟಿಲದ ಸೀರಿ ಹತ್ತಿತು. ಗುರುಬಸವ ಡಬ್ಬಿ ಕೆಳಗಿಟ್ಟು ಹೊರಗ ಜಿಗದ, ನೀರಿನ ಕೊಡಾ ಎತ್ತಿದ. “ನೀರ ಹಾಕಬ್ಯಾಡೋ! ಥಿನ್ನರ್ ನೀರಿನ ಮ್ಯಾಲೆ ತೇಲಿ ಎಲ್ಲಾ ಕಡೆ ಹಬ್ಬತೈತಿ!” ಅಂದೆ. ಪರಮೇಶ್ವರ ಬುಟ್ಟಿಲೆ ಉಸುಕು ತಂದು ಬಾಗಲದಾಗಿಂದ ಸುರುವಿದ, ನಾನೂ ಸುರುವಿದೆ. ಉಳದ ಡಬ್ಬಿ ಮುಚ್ಚಳ ಬಿಗಿ ಇದ್ದವು, ಬೆಂಕಿ ಇನ್ನೂ ಸಣ್ಣದಿತ್ತು, ಅದಕ್ಕ ಉಳದಿವಿ. ದೊಡ್ಡದಾಗಿದ್ರ ಓಡಬೇಕಾಗಿತ್ತು.

ಹೊಗಿ ಇಳೀತು. ತೊಟ್ಟಿಲದ ಜಾಗಾದಾಗ ಎರಡು ಕರೀ ಹಗ್ಗ ಜೋತಾಡತಿದ್ವು. ಜಗದೇವಿ ಬಾಗಲದಾಗ ನಿಂತು ನೋಡಿದ್ಲು, ಕೂಸಿನ್ನ ಇನ್ನೂ ಗಟ್ಟಿ ಹಿಡಕೊಂಡ್ಲು. ಪರಮೇಶ್ವರ ನೆಲಕ್ಕ ಕುಂತು ಗೊಳೋ ಅಂತ ಅತ್ತ.

ಗುರುಬಸವನ ಹುಬ್ಬು ಸುಟ್ಟಿತ್ತು, ಸೊಕ್ಕು ಸುಟ್ಟಿರಲಿಲ್ಲ. “ಹಂಗಾದ್ರ ಇನ್ನ ಡಬ್ಬಿ ಯಾರು ಕಾಯಬೇಕು?” ಅಂದ.

ಜಗದೇವಿ ಅಂದ್ಲು, “ಶೆಡ್ಡ ಕಟ್ಟಸ್ರಿ, ಕೀಲಿ ಹಾಕ್ರಿ. ನನ್ನ ಕೂಸಿನ್ನ ಕೀಲಿ ಮಾಡಬ್ಯಾಡ್ರಿ.”

ಶೆಡ್ಡ ಬೇಕಂತ ಅವತ್ತು ಸೈಟಿನ್ಯಾಗ ಒಬ್ಬರೂ ಬ್ರಷ್ ಹಿಡೀಲಿಲ್ಲ. ಬಿಲ್ಡರ್ ಸಾಹೇಬ ಬಂದ, ನೋಡಿದ, ದೂರ ಒಂದು ಶೆಡ್ಡ ಹಾಕಿಸಿದ. ಜಾಳಗಿ ಕಿಡಕಿ, ಕೀಲಿ, ಬೆಂಕಿ ಆರಿಸೋ ಸಿಲಿಂಡರ್, ಉಸುಕಿನ ಬಕೆಟ್, ಎಲ್ಲಾ ಬಂತು. ಮೊದಲ ಮಾಡಾಕ ಏನ ಧಾಡಿ ಆಗಿತ್ತು ಇವರಿಗೆ?

ಅಕ್ಕಗೋಳ್ರ್ಯಾ, ಅಣ್ಣಗೋಳ್ರ್ಯಾ, ಥಿನ್ನರ್ ಇರೋ ಖೋಲ್ಯಾಗ ಮಲಗಬ್ಯಾಡ್ರಿ, ಒಲಿ ಹಚ್ಚಬ್ಯಾಡ್ರಿ, ಬೀಡಿ ಸೇದಬ್ಯಾಡ್ರಿ. ಮ್ಯಾಲೆ ಥಿನ್ನರ್ ಅಂತ ಬರದಿಟ್ಟ ತಗಡಿನ ಡಬ್ಬ್ಯಾಗ ಇಡ್ರಿ, ನೀರಿನ ಬಾಟ್ಲ್ಯಾಗ ಅಲ್ಲ. ಅವತ್ತಿಗೆ ಬೇಕಾದಷ್ಟ ತಗೀರಿ, ತಗದ ಕೂಡ್ಲೆ ಮುಚ್ಚ್ರಿ. ಕೆಲಸಾ ಮಾಡೂವಾಗ ಕಿಡಕಿ ಬಾಗಲಾ ತೆರೀರಿ. ಥಿನ್ನರ್ ವರಸಿದ ಅರಿವಿ ಮೂಲ್ಯಾಗ ಒಗೀಬ್ಯಾಡ್ರಿ, ಮುಚ್ಚಳದ ತಗಡಿನ ಡಬ್ಬ್ಯಾಗ ಹಾಕಿ ಹೊರಗ ಇಡ್ರಿ. ಬೆಂಕಿ ಕೈ ಮೀರಿದ್ರ ಸಾಮಾನಿನ ಆಸೆ ಬಿಟ್ಟು ಮಂದಿನ್ನ ಹೊರಗ ಎಳೀರಿ, 101ಕ್ಕ ಫೋನ್ ಹಚ್ಚ್ರಿ. ಬೆಂಕಿ ಬಿದ್ದ ಮ್ಯಾಲೆ ಬಾವಿ ತೋಡಿದ್ರ ಏನ ಬಂತು? ಈ ಬೆಂಕಿಗಂತೂ ಬಾವಿ ನೀರೂ ಉಪಯೋಗಿಲ್ಲ. ಬ್ಯಾರೆ ಜಾಗಾ ಕೊಡೋದು ಮಾಲಕನ ಕೆಲಸ, ಎಲ್ಲಾರೂ ಕೂಡಿ ಕೇಳ್ರಿ.

ನಮ್ಮ ತೊಟ್ಟಿಲ ಸುಟ್ಟಾಗ ಖಾಲಿ ಇತ್ತು. ನಿಮ್ಮ ಖೋಲ್ಯಾಗಿಂದು ಈಗ ಖಾಲಿ ಐತೇನು? ಏಳ್ರಿ, ಮೊದಲ ಡಬ್ಬಿ ಹೊರಗ ಹಾಕ್ರಿ.