ನಾಲ್ಕನೇ ಮೂಲೆಯ ಬೇಡಣ್ಣ

ಗಾಜಿನಂಗಡಿಯಲ್ಲಿ ಅವನಿಗೆ ಬೇಡಣ್ಣ ಎಂದೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಆದರೆ ಅದು ಹಾಜರಿ ಪುಸ್ತಕ ಬಿಟ್ಟು ಹೊರಗೆ ಬಂದದ್ದೇ ಇಲ್ಲ. ಯಾರು ಏನೇ ಹೇಳಲಿ, ಅವನ ಬಾಯಿಂದ ಮೊದಲು ಉದುರುವುದು ‘ಬೇಡ’. ಎರಡು ಗಾಜು ಒಟ್ಟಿಗೆ ಎತ್ತೋಣವಾ? ಬೇಡ. ಕಂಬಳಿ ಸುತ್ತದೆ ವ್ಯಾನಿಗೆ ಹಾಕೋಣವಾ? ಬೇಡ. ಟೀ ಕುಡಿಯೋಣವಾ? ಬೇಡ ಎನ್ನುತ್ತಿದ್ದ, ಆಮೇಲೆ ಎರಡು ಲೋಟ ಕುಡಿಯುತ್ತಿದ್ದ.

ದೊಡ್ಡ ಗಾಜು ಹೊರುವುದಕ್ಕೆ ನಾಲ್ಕು ಜನ ಬೇಕು. ಗಾಜನ್ನು ಮಲಗಿಸಿಕೊಂಡು ಹೋಗುವ ಹಾಗಿಲ್ಲ, ತನ್ನ ಭಾರಕ್ಕೆ ತಾನೇ ಬಿರುಕು ಬಿಡುತ್ತದೆ. ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿಕೊಂಡು, ಅಂಟಿಕೊಳ್ಳುವ ರಬ್ಬರ್ ಹಿಡಿಕೆ ಹಾಕಿ, ಅಡಿಗೆ ಭಾರ ಹೊರುವ ಪಟ್ಟಿ ಕೊಟ್ಟು, ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಬೇಕು. ಮುಂದೆ ಮೀಸೆಯ ಮೇಸ್ತ್ರಿ, ಅವನ ಪಕ್ಕಕ್ಕೆ ಏಣಿ. ಏಣಿ ಎಂದರೆ ಮನುಷ್ಯನೇ, ಆರಡಿ ಮೂರಂಗುಲದ ಮನುಷ್ಯ. ಹಿಂದೆ ಬಾಮೈದ, ಅಂದರೆ ಮೇಸ್ತ್ರಿಯ ಹೆಂಡತಿಯ ತಮ್ಮ. ಅಂಗಡಿಗೆಲ್ಲ ಅವನು ಬಾಮೈದನೇ ಆಗಿಬಿಟ್ಟಿದ್ದ. ಎಲ್ಲರಿಗಿಂತ ಹಿಂದಿನ ನಾಲ್ಕನೇ ಮೂಲೆ ಬೇಡಣ್ಣನದು. ಆ ಮೂಲೆಯಲ್ಲಿ ನಿಂತವನಿಗೆ ಮುಂದಿನದೆಲ್ಲ ಕಾಣುತ್ತದೆ, ಹಾಗಾಗಿ ‘ನಿಲ್ಲಿ’ ಎನ್ನುವ ಹಕ್ಕೂ ಅವನದೇ.

ಹತ್ತು ವರ್ಷದಿಂದ ದಿನಚರಿ ಒಂದೇ. ಮೇಸ್ತ್ರಿ ಎದೆಯುಬ್ಬಿಸಿ ಏನಾದರೊಂದು ಭಯಂಕರ ಸಾಹಸ ಹೇಳುವನು. ಏಣಿ ಅದಕ್ಕೆ ಇನ್ನೊಂದು ಅಡಿ ಏರಿಸುವನು. ಬಾಮೈದ ‘ನಾನು ರೆಡಿ’ ಎಂದು ತೋಳು ಮಡಚುವನು. ಬೇಡಣ್ಣ ಬೇಡ ಎನ್ನುವನು. ಮೂವರೂ ಹಣೆ ಚಚ್ಚಿಕೊಂಡು, ‘ಥೂ, ನಿನ್ನಿಂದ ನಮ್ಮ ಗಂಡಸ್ತನವೇ ಹೋಯ್ತು’ ಎಂದು ಬೈಯುತ್ತ, ಕಂಬಳಿ ಸುತ್ತಿ, ಪಟ್ಟಿ ಕಟ್ಟಿ, ನಿಧಾನಕ್ಕೆ ಕೆಲಸ ಮುಗಿಸುವರು. ಹತ್ತು ವರ್ಷದಲ್ಲಿ ಒಂದು ಗಾಜೂ ಒಡೆದಿರಲಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಡೆಯದ ಗಾಜಿನ ಸುದ್ದಿ ಯಾರಿಗೆ ಬೇಕು ಹೇಳಿ?

ಹೀಗಿರುವಾಗ ಒಂದು ಮಧ್ಯಾಹ್ನ ಬೇಡಣ್ಣ ಗಾಜು ಸಾಲಾಗಿ ನಿಲ್ಲಿಸುವ ಮರದ ಚೌಕಟ್ಟಿನ ಹಿಂದೆ ಧೂಳು ಒರೆಸುತ್ತಿದ್ದ. ಆಚೆ ಕಡೆ ಮೂವರೂ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು.

“ಎದುರಂಗಡಿಯೋರು ನೋಡು, ಹನ್ನೆರಡಡಿ ಗಾಜು ತಲೆ ಮೇಲೆ ಎತ್ಕೊಂಡು ಹೋದ್ರಂತೆ,” ಎಂದ ಏಣಿ.

“ನಾವೂ ಹೋಗ್ತಿದ್ವಿ ಕಣೋ,” ಎಂದ ಮೇಸ್ತ್ರಿ. “ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅನ್ನೋ ಹಾಗೆ, ಇವನೊಬ್ಬ ಇದಾನಲ್ಲ. ಯಜಮಾನಮ್ಮಂಗೆ ಹೇಳ್ತೀನಿ, ಅವನನ್ನ ಒಳಗೆ ಕತ್ತರಿಸೋ ಮೇಜಿಗೆ ಹಾಕ್ಲಿ. ಕೈ ಚೆನ್ನಾಗಿದೆ, ಒಬ್ಬನೇ ಕೂತು ಕುಯ್ಯಲಿ.”

“ನಾನೂ ಅದೇ ಹೇಳೋಣ ಅಂತಿದ್ದೆ,” ಎಂದ ಬಾಮೈದ. ಅವನು ಯಾವಾಗಲೂ ಅದೇ ಹೇಳೋಣ ಅಂತಿರುತ್ತಿದ್ದ.

ಬೇಡಣ್ಣ ಒರೆಸುವ ಬಟ್ಟೆ ಕೆಳಗಿಟ್ಟ. ಕತ್ತರಿಸುವ ಮೇಜು ಇದ್ದದ್ದು ಹಿಂದಿನ ಕೋಣೆಯಲ್ಲಿ. ಅಲ್ಲಿ ಒಂದು ದೀಪ, ಒಂದು ಸ್ಟೂಲು, ದಿನವಿಡೀ ಕಿರ್ರ್ ಎನ್ನುವ ಸದ್ದು. ಅಲ್ಲಿ ಯಾರಿಗೆ ಬೇಡ ಎನ್ನುವುದು, ಯಾರ ಕೈಲಿ ಬೈಸಿಕೊಳ್ಳುವುದು? ಈ ಮೂವರನ್ನು ಬಿಟ್ಟರೆ ಅವನಿಗೆ ಸ್ನೇಹಿತರೆಂದು ಯಾರೂ ಇರಲಿಲ್ಲ. ಆ ನಾಲ್ಕನೇ ಮೂಲೆ ಹೋಯಿತೆಂದರೆ ತಾನೇ ಹೋದ ಹಾಗೆ ಎಂದು ಅವನಿಗೆ ಅನಿಸಿತು.

ಮನೆಯಲ್ಲಿ ಹೆಂಡತಿ ಕೇಳಿಸಿಕೊಂಡು ನಕ್ಕಳು. “ನನ್ನ ನೋಡೋಕೆ ಬಂದಾಗಲೂ ಮೊದಲು ಬೇಡ ಅಂದೋರು ತಾನೆ ನೀವು? ಒಂದ್ಸಲ ಹೂಂ ಅಂದು ನೋಡಿ, ಬಾಯೇನು ಬಿದ್ದುಹೋಗಲ್ಲ.”

ಮಾರನೇ ದಿನವೇ ಒಂದು ಕನ್ನಡಿಯ ಕೆಲಸ ಬಂತು. ಡ್ಯಾನ್ಸ್ ಶಾಲೆಗೆ, ಮೂರನೇ ಮಹಡಿಗೆ. ಎಂಟಡಿ ಉದ್ದ, ಐದಡಿ ಎತ್ತರ, ಒಂದೇ ತುಂಡು. ವ್ಯಾನು ಬೀದಿಯ ಬಾಯಿಗೆ ಬಂದು ನಿಂತಿತು. ಯಾರೋ ಪೈಪಿಗೆಂದು ಗುಂಡಿ ತೋಡಿದ್ದರು. ಮುಂದೆ ಅರ್ಧ ಕಿಲೋಮೀಟರು ಇಳಿಜಾರಿನ ಅಂಗಡಿ ಬೀದಿ, ಜನವೋ ಜನ.

“ನಾಳೆ ಗುಂಡಿ ಮುಚ್ಚಿದ ಮೇಲೆ ಬರಬಹುದು,” ಎಂದ ಮೇಸ್ತ್ರಿ, ಮೀಸೆ ತಿರುವುತ್ತ. “ಆದ್ರೆ ನಾವೇನು ಕೈಲಾಗದೋರಾ? ಹೊತ್ಕೊಂಡೇ ಹೋಗೋಣ!” ಹೇಳಿ ಬೇಡಣ್ಣನ ಕಡೆ ತಿರುಗಿದ.

“ನಡೀರಿ,” ಎಂದ ಬೇಡಣ್ಣ.

ಮೇಸ್ತ್ರಿಯ ಕೈ ಮೀಸೆಯ ಮೇಲೇ ನಿಂತಿತು. “ಏನಂದೆ?”

“ಹೊತ್ಕೊಂಡೇ ಹೋಗೋಣ ಅಂದೆ.”

ಏಣಿ ಗಂಟಲು ಸರಿಮಾಡಿಕೊಂಡ. ಎಲ್ಲೋ ಏನೋ ತಪ್ಪಿದೆ, ಇನ್ನೊಂದು ಅಡಿ ಏರಿಸಿದರೆ ಸರಿಹೋದೀತು ಎಂದು ಅವನ ಲೆಕ್ಕ. “ಹಾಗಾದ್ರೆ ಕಂಬಳಿ ಯಾಕೆ? ಜನ ನೋಡ್ಲಿ, ಬಿಚ್ಚೇಬಿಡೋಣ.”

“ಬಿಚ್ಚು.”

“ಅಡಿಗೆ ಪಟ್ಟಿ?” ಎಂದ ಬಾಮೈದ, ಸಣ್ಣ ದನಿಯಲ್ಲಿ.

“ಪಟ್ಟಿ ಬೇಡ!”

ಹತ್ತು ವರ್ಷದಲ್ಲಿ ಮೊದಲ ಸಲ ಆ ಬೇಡ ಹೋಗಿ ಎದುರು ಪಕ್ಷ ಸೇರಿತ್ತು. ಮೂವರೂ ಮುಖ ಮುಖ ನೋಡಿಕೊಂಡರು. ಈಗ ಬೇಡ ಎನ್ನಬೇಕೆಂದರೆ ಮೂವರಲ್ಲಿ ಒಬ್ಬ ಬೇಡಣ್ಣ ಆಗಬೇಕು. ಆ ಪಟ್ಟ ಯಾರಿಗೆ ಬೇಕು? ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ನುಂಗಿದರು. ಎತ್ತಿದರು.

ಕನ್ನಡಿ ಹೊರಟಿತು ನೋಡಿ! ಬೀದಿಯಲ್ಲಿ ಇನ್ನೊಂದು ಬೀದಿ ನಡೆದು ಬಂದ ಹಾಗಾಯಿತು. ಹಣ್ಣಿನಂಗಡಿಯವಳು ತನ್ನ ಹಣ್ಣಿನ ರಾಶಿ ತನ್ನೆದುರೇ ಹಾದುಹೋಗುವುದನ್ನು ಕಂಡು ಎದ್ದು ನಿಂತಳು. ಬೋಳುತಲೆಯ ಒಬ್ಬರು ಜೇಬಿನಿಂದ ಬಾಚಣಿಗೆ ತೆಗೆದು, ಇದ್ದ ನಾಲ್ಕು ಕೂದಲನ್ನು ಬಾಚುತ್ತ ಕನ್ನಡಿಯ ಜೊತೆಗೇ ಹತ್ತು ಹೆಜ್ಜೆ ಬಂದರು. ಒಂದು ನಾಯಿ ತನ್ನನ್ನೇ ಕಂಡು ಬೊಗಳಿತು, ಒಳಗಿನದೂ ಬೊಗಳಿದ್ದು ಕಂಡು ಬಾಲ ಮಡಚಿ ಓಡಿತು. ಅಡ್ಡರಸ್ತೆಯಿಂದ ತಿರುಗಿದ ಬಸ್ಸಿನ ಡ್ರೈವರ್ ಎದುರಿಗೆ ತನ್ನದರಂಥದೇ ಬಸ್ಸು ಬರುವುದನ್ನು ನೋಡಿ ಕಿರ್ರೆಂದು ಬ್ರೇಕ್ ಹಾಕಿ, ತಲೆ ಹೊರಗೆ ಹಾಕಿ, ಬೈಯಲು ಬಾಯಿ ತೆರೆದ. ಬೈಯುವವನ ಮುಖ ತನ್ನದೇ ಎಂದು ತಿಳಿದು ಬಾಯಿ ಮುಚ್ಚಿಕೊಂಡ.

ಬೇಡಣ್ಣನಿಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಈ ಸುಖ ಎಲ್ಲಿತ್ತು? ಹೂಂ ಅನ್ನುವುದು ಇಷ್ಟು ಸುಲಭವೆಂದು ಯಾರೂ ಹೇಳಿಯೇ ಇರಲಿಲ್ಲವಲ್ಲ! ಕೋತಿಗೆ ಹೆಂಡ ಕುಡಿಸಿದ ಹಾಗಾಗಿತ್ತು ಅವನ ಸ್ಥಿತಿ. “ಜೋರಾಗಿ, ಮೇಸ್ತ್ರಿ, ಜೋರಾಗಿ!” ಎಂದು ಹಿಂದಿನಿಂದ ಕೂಗಿದ. ಇಳಿಜಾರು ಬೇರೆ. ನಡಿಗೆ ಹೋಗಿ ಓಟವಾಯಿತು. ಮುಂದಿನಿಂದ ಮೇಸ್ತ್ರಿ ‘ಹುಷಾರು’ ಎಂದನೋ ಏನೋ, ಕೇಳಿಸಲಿಲ್ಲ. ಗಾಜು ಮಾತ್ರ ಬೇಡಣ್ಣನ ಅಂಗೈಯೊಳಗೆ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಇಳಿಜಾರಿಗೆ ಹಾಗೆ ಎಂದುಕೊಂಡ. ಸಮತಟ್ಟು ನೆಲ ಬಂದು ನಿಂತ ಮೇಲೂ ಅದು ನಿಲ್ಲಲಿಲ್ಲ. ಯಾಕೆಂದು ಯೋಚಿಸುವ ತಾಳ್ಮೆ ಅವನಿಗೆ ಆಗ ಎಲ್ಲಿತ್ತು.

ಡ್ಯಾನ್ಸ್ ಶಾಲೆಯ ಎದುರಿನ ಕಾಂಪೌಂಡ್ ಗೋಡೆಗೆ ಎರಡು ಮರದ ತುಂಡು ಕೊಟ್ಟು ಕನ್ನಡಿ ಒರಗಿಸಿದರು. ಮೆಟ್ಟಿಲು ಕಿರಿದು. ಎರಡು ತಿರುವಿನಲ್ಲಿ ಮೆಟ್ಟಿಲಂಚಿನ ಕೈಹಿಡಿ ಕಂಬಿ ಬಿಚ್ಚಿದರೆ ಕನ್ನಡಿ ಹೋಗುತ್ತದೆ, ಆದರೆ ಬಿಚ್ಚಿ, ಹೊತ್ತು, ಮತ್ತೆ ಕೂಡಿಸಲು ಎರಡು ಗಂಟೆಯ ಕೆಲಸ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಡ್ಯಾನ್ಸ್ ಕಲಿಯುವ ಹುಡುಗಿಯರೆಲ್ಲ ಸೇರಿ ಚಪ್ಪಾಳೆ ಹೊಡೆದರು.

ಚಪ್ಪಾಳೆ ಕೇಳಿದರೆ ಮೇಸ್ತ್ರಿಯ ನಾಲಿಗೆ ಅವನ ಮಾತು ಕೇಳುವುದಿಲ್ಲ. “ಮೆಟ್ಟಿಲು ಯಾಕ್ರೀ? ಹಗ್ಗ ಹಾಕಿ ಬಾಲ್ಕನಿಗೆ ಎಳೆದ್ರೆ ಐದು ನಿಮಿಷ!” ಅಂದವನೇ ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು.

“ಹಗ್ಗ ತನ್ನಿ!” ಎಂದ ಬೇಡಣ್ಣ.

“ಗಾಜು ಗೋಡೆಗೆ ತಾಗದ ಹಾಗೆ ಒಬ್ಬ ಬಾಲ್ಕನಿ ಕಂಬಿಯಿಂದ ಆಚೆ ನಿಂತು ಹಿಡೀಬೇಕಾಗುತ್ತೆ,” ಎಂದ ಬಾಮೈದ, ಹೇಳಿದರೆ ಯಾರಾದರೂ ಬುದ್ಧಿ ತಂದುಕೊಂಡಾರು ಎಂಬಂತೆ.

“ಏಣಿ ಇದಾನಲ್ಲ!”

ಏಣಿ ಒಂದು ಸಲ ಮೇಸ್ತ್ರಿಯನ್ನು ನೋಡಿದ, ಒಂದು ಸಲ ಹುಡುಗಿಯರನ್ನು ನೋಡಿದ, ಮೆಟ್ಟಿಲು ಹತ್ತಿದ.

ಪಕ್ಕದಂಗಡಿಯಿಂದ ತಂದ ಹಗ್ಗಕ್ಕೆ ಬೇಡಣ್ಣ ಮೊಣಕಾಲೂರಿ ಗಂಟು ಹಾಕುತ್ತಿದ್ದ. ಗಂಟು ಬಿಗಿದು ತಲೆ ಎತ್ತಿದಾಗ ಕನ್ನಡಿಯೊಳಗೆ ನಾಲ್ವರೂ ಸಿಕ್ಕರು. ಮೇಸ್ತ್ರಿಯ ಮೀಸೆ ಬೆವರಿಗೆ ಜೋತುಬಿದ್ದಿತ್ತು. ಬಾಮೈದ ಹಗ್ಗದ ತುದಿ ಹಿಡಿದು ನಿಂತಿದ್ದ, ಹಗ್ಗ ಗಡಗಡ ನಡುಗುತ್ತಿತ್ತು. ಅವರ ಬೆನ್ನ ಹಿಂದೆ, ಮೇಲೆ, ಏಣಿ ಕಂಬಿಯಾಚೆ ಒಂದು ಕಾಲು ಹಾಕಿ ಕಣ್ಣು ಮುಚ್ಚಿಕೊಂಡಿದ್ದ. ನಾಲ್ಕರಲ್ಲಿ ನಗುತ್ತಿದ್ದ ಮುಖ ಒಂದೇ. ಅದು ಬೇಡಣ್ಣನದು.

ಮೇಸ್ತ್ರಿ ಬಾಮೈದ ಇಬ್ಬರೂ ಕನ್ನಡಿಯೊಳಗಿಂದ ಅವನ ಬಾಯನ್ನೇ ನೋಡುತ್ತಿದ್ದರು. ಹಸಿದವರು ಬಡಿಸುವವರ ಕೈ ನೋಡುವ ಹಾಗೆ. ಗಾಜು ಯಾಕೆ ಗುಂಯ್‌ಗುಟ್ಟುತ್ತಿತ್ತೆಂದು ಆಗ ಹೊಳೆಯಿತು ಅವನಿಗೆ. ಆರು ಕೈಗಳ ನಡುಕ ಅದು. ಬೀದಿಯುದ್ದಕ್ಕೂ ನಡುಗಿಕೊಂಡೇ ಬಂದಿದ್ದರು. ಈಗ ತಾನು ಬಾಯಿ ಬಿಟ್ಟರೆ ಕತ್ತರಿಸುವ ಮೇಜು ಖಂಡಿತ. ಒಂದು ದೀಪ, ಒಂದು ಸ್ಟೂಲು. ಹೋಗಲಿ, ಎಂದುಕೊಂಡ. ಏಣಿ ಬಿದ್ದುಹೋದರೆ ನಾಲ್ಕು ಮೂಲೆ ಇಟ್ಟುಕೊಂಡು ಏನು ಮಾಡುವುದು? ನಗು ಅಲ್ಲೇ ಆರಿತು.

“ಬೇಡ!” ಎಂದು ಕಿರುಚಿದ. “ಬೇಡ, ಬೇಡ, ಬೇಡ! ಏಣಿ, ಕಾಲು ಒಳಗೆ ತಗೋ!”

ಆ ಉದ್ದ ಕಾಲು ಒಳಗೆ ಹೋದ ವೇಗಕ್ಕೆ ಇಬ್ಬರು ಹುಡುಗಿಯರು ಹಿಂದಕ್ಕೆ ಬಿದ್ದರು. ಬಾಮೈದನ ಕೈಯಿಂದ ಹಗ್ಗ ಜಾರಿತು. ಮೇಸ್ತ್ರಿ ನಿಂತಲ್ಲೇ ನೆಲಕ್ಕೆ ಕುಸಿದು ಕೂತ. ಎರಡು ಉಸಿರು ತಗೊಂಡ. ಆಮೇಲೆ ಶುರುವಾಯಿತು ನೋಡಿ.

“ಇಷ್ಟೊತ್ತು ಎಲ್ಲಿಟ್ಟಿದ್ದೆ ಆ ಬಾಯಿನ?” ಎಂದು ಅಬ್ಬರಿಸಿದ. “ಕೊಂದುಬಿಡ್ತಿದ್ದೆಯಲ್ಲೋ ಪಾಪಿ! ನಾನು ಬೀದಿ ಬಾಯಲ್ಲೇ ಕಾಯ್ತಾ ಇದೀನಿ, ಈಗ ಅಂತಾನೆ, ಆಗ ಅಂತಾನೆ ಅಂತ. ಬಸ್ ಬಂದಾಗ ಅಂತಾನೆ ಅಂದ್ಕೊಂಡೆ. ಜೋರಾಗಿ ಅಂತೀಯಾ ಜೋರಾಗಿ! ನಮ್ಮ ಕೆಲಸ ಹೇಳೋದು, ನಿನ್ನ ಕೆಲಸ ಬೇಡ ಅನ್ನೋದು. ನಿನ್ನ ಕೆಲಸ ನೀನು ಮಾಡ್ದೆ ಇದ್ರೆ ನಮ್ಮ ಗತಿ ಏನೋ?”

“ನಾನೂ ಅದೇ ಹೇಳೋಣ ಅಂತಿದ್ದೆ,” ಎಂದು ಬಾಮೈದ ಅಳುವ ದನಿಯಲ್ಲಿ ಹೇಳಿದ.

“ಮತ್ತೆ ನೀವು ಯಜಮಾನಮ್ಮಂಗೆ ಹೇಳಿ ನನ್ನ ಮೇಜಿಗೆ ಹಾಕಿಸ್ತೀನಿ ಅಂದ್ರಲ್ಲ?” ಎಂದ ಬೇಡಣ್ಣ. “ಕೇಳಿಸ್ಕೊಂಡೆ ನಾನು.”

ಮೇಸ್ತ್ರಿ ಅವನನ್ನೇ ನೋಡಿದ. “ಅಂದೆ,” ಎಂದ. “ಹತ್ತು ವರ್ಷದಿಂದ ದಿನಾ ಏನೇನೋ ಅಂತೀನಿ. ಒಂದಾದ್ರೂ ಮಾಡಿದ್ದೀನಾ?”

ಬೇಡಣ್ಣನಿಗೆ ಹೊಟ್ಟೆಯ ತಳದಿಂದ ನಗು ಎದ್ದಿತು. ಅದನ್ನು ನೋಡಿ ಬಾಮೈದ ನಕ್ಕ. ಮೇಸ್ತ್ರಿ ಕೂತಲ್ಲಿಂದಲೇ ಬೈಯುತ್ತ ನಕ್ಕ. ಅಷ್ಟರಲ್ಲಿ ಏಣಿ ಕೆಳಗೆ ಓಡಿ ಬಂದು, ಬೇಡಣ್ಣನನ್ನು ಅನಾಮತ್ತಾಗಿ ಎತ್ತಿ, ಒಂದು ಸುತ್ತು ತಿರುಗಿಸಿ, ಕೆಳಗಿಳಿಸಿದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕರು ನಾಲ್ವರೂ, ಬೀದಿಯ ಮಧ್ಯೆ, ಹಗ್ಗದ ಮೇಲೆ ಕೂತುಕೊಂಡು. ಜನ ಏನೆಂದುಕೊಂಡರೋ ಯಾರಿಗೆ ಗೊತ್ತು.

ಮೇಲಿನಿಂದ ಹುಡುಗಿಯರು “ಅಯ್ಯೋ, ಇಷ್ಟೇನಾ?” ಎಂದು ಕೂಗಿದರು. ಮೇಸ್ತ್ರಿ ಎದ್ದು, ಪ್ಯಾಂಟಿನ ಧೂಳು ಕೊಡವಿ, ಮೀಸೆ ಮೇಲಕ್ಕೆ ತಿರುವಿಕೊಂಡ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. “ನಮಗೇನಮ್ಮಾ, ಎಳೀತಿದ್ವಿ!” ಎಂದು ಮೇಲಕ್ಕೆ ಕೂಗಿದ. “ಈ ಪುಣ್ಯಾತ್ಮ ಬಿಡ್ತಿಲ್ವಲ್ಲ!”

ಬಾಮೈದ ಓಡಿಹೋಗಿ ವ್ಯಾನಿನಿಂದ ಕಂಬಳಿ, ಪಟ್ಟಿ, ಸ್ಕ್ರೂಡ್ರೈವರ್ ಎಲ್ಲ ತಂದ. ಎರಡು ತಿರುವಿನ ಕೈಹಿಡಿ ಬಿಚ್ಚಿದರು. ಕನ್ನಡಿಗೆ ಕಂಬಳಿ ಸುತ್ತಿದರು, ಅಡಿಗೆ ಪಟ್ಟಿ ಕೊಟ್ಟರು, ಒಂದೊಂದೇ ಮೆಟ್ಟಿಲು ಎಣಿಸುತ್ತ ಹತ್ತಿದರು. ಅಂಗೈಯೊಳಗಿನ ಗಾಜು ಈಗ ಸುಮ್ಮನೆ ಇತ್ತು. ಬೇಡಣ್ಣ ತನ್ನ ಮೂಲೆಯಿಂದ ಮುಂದಿನ ಮೂರು ಬೆನ್ನುಗಳನ್ನು ನೋಡುತ್ತ ಹತ್ತಿದ, ಮನಸ್ಸು ತುಂಬಿ ಬಂದಿತ್ತು.

ಎರಡನೇ ತಿರುವಿನಲ್ಲಿ ಏಣಿಗೆ ಉಸಿರು ಬಂತು, ಉಸಿರಿನ ಜೊತೆ ಬುದ್ಧಿ ಹೋಯಿತು. “ಮೇಸ್ತ್ರಿ, ಇಲ್ಲಿಂದ ಪಟ್ಟಿ ತೆಗೆದು, ತಲೆ ಮೇಲೆ ಎತ್ಕೊಂಡು ಒಂದೇ ಓಟಕ್ಕೆ ಹತ್ತಿಬಿಟ್ರೆ?”

“ಹತ್ತೋಣ!” ಎಂದ ಮೇಸ್ತ್ರಿ.

“ನಾನು ರೆಡಿ,” ಎಂದ ಬಾಮೈದ.

ಮೂರು ತಲೆಗಳೂ ಮೆಲ್ಲಗೆ ಹಿಂದಕ್ಕೆ ತಿರುಗಿದವು. ಬೇಡಣ್ಣ ಅವಸರ ಮಾಡಲಿಲ್ಲ. ಹಿಡಿತ ಸರಿಮಾಡಿಕೊಂಡ, ಒಂದು ಸಲ ಕೆಮ್ಮಿದ, ಕಿಟಕಿಯಾಚೆ ನೋಡಿದ. ಮೇಸ್ತ್ರಿಯ ಹಣೆಯಲ್ಲಿ ಮತ್ತೆ ಬೆವರು ಮೂಡುವ ತನಕ ಅವರನ್ನು ಕಾಯಿಸಿದ.