ಒಂದೇ ತಾಯಿಯ ಜೋಳ

ಸಪನಾ ಧಾರವಾಡದ ಪ್ರಯೋಗಾಲಯದಿಂದ ಅಲಖನೂರಿಗೆ ಬಂದದ್ದು ಎದೆ ಉಬ್ಬಿಸಿಕೊಂಡೇ. ಗೋಧಿ, ಗೋವಿನಜೋಳ, ಜೋಳಗಳ ಮೈಟೊಕಾಂಡ್ರಿಯದ ಜೀನುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಅವಳ ಕೆಲಸ. ಆ ಜೀನು ತಾಯಿಯಿಂದ ಬರುವಂಥದ್ದು. ತಂದೆಯ ಪರಾಗಕ್ಕೆ ಅದರಲ್ಲಿ ಪಾಲಿಲ್ಲ. ಉಳಿದೆಲ್ಲ ಕಾಳುಗಳಲ್ಲಿ ಇದ್ದ ಜೀನಿನ ಒಂದು ತುಂಡು ಎರಡು ಕಡೆಯ ಜೋಳದಲ್ಲಿ ಮಾತ್ರ ಇರಲಿಲ್ಲ. ಒಂದು, ಅವಳ ಅವ್ವ ಅಕ್ಕುತಾಯಿ ಬೂದಿ ಬೆರೆಸಿ ಗಡಿಗೆಯಲ್ಲಿಟ್ಟದ್ದು. ಇನ್ನೊಂದು, ಅವ್ವ ಕೂಲಿಗೆ ಹೋಗುವ ಮುರಗೆಪ್ಪ ಸಾವಕಾರನ ಹೊಲದ್ದು.

ಆ ತಳಿಯನ್ನು ಸಾವಕಾರ ತನ್ನ ಮನೆತನದ ಹೆಸರಲ್ಲಿ ನೋಂದಾಯಿಸಲು ಹೊರಟಿದ್ದ. ಬೀಜ ಮಾತ್ರ ಅವ್ವನದು. ದೊಡ್ಡ ಮನೆಯ ಬೀಜಕ್ಕೆ ಹುಳ ಬಿದ್ದ ವರ್ಷ ಅವನ ಹೆಂಡತಿ ಲಕ್ಕವ್ವ ಇವರ ಹಿತ್ತಲಿಗೆ ಬಂದು ಉಡಿ ಒಡ್ಡಿದ್ದಳು. ಉಡಿಗೆ ಹಾಕಿದ ಬೀಜದ ಮಾತು ಹೊರಗೆ ಆಡಬಾರದೆಂದು ಅವ್ವ ಇಪ್ಪತ್ತು ವರ್ಷ ಬಾಯಿ ಹೊಲಿದುಕೊಂಡಿದ್ದಳು. ಅವಳ ಹೆಸರು ಒಂದು ಕಾಗದದ ಮೇಲಾದರೂ ಬರಲಿ ಎಂಬುದೇ ಸಪನಾಳ ಹಟ.

ನಾಲ್ಕು ಮಂದಿ ಹಿರಿಯರನ್ನು ಕೂಡಿಸಿ, ಅವ್ವನನ್ನೂ ಕರೆದುಕೊಂಡು, ಸಾವಕಾರನ ಕಟ್ಟೆಯ ಮುಂದೆ ವರದಿ ಬಿಚ್ಚಿದಳು.

“ಎರಡೂ ಒಂದ ತಾಯಿ ಜ್ವಾಳ್ರಿ.”

“ಖಾತ್ರಿ ಏನ?” ಎಂದ ಮುರಗೆಪ್ಪ.

“ನೂರಕ್ಕ ನೂರ್ರಿ.”

ಅವನು ಹಿರಿಯರ ಕಡೆ ತಿರುಗಿ ನಕ್ಕ. “ಕೇಳಿದ್ರೇನ? ನನ್ನ ಹೊಲದ ಜ್ವಾಳ ಇಕಿ ಮನ್ಯಾಗ ಐತಂತ. ಮಗಳ ಬರಕೊಂಡ ಬಂದಾಳ. ಎಷ್ಟ ವರ್ಷದಿಂದ ಕದಿಯಾಕತ್ತೀ ಬೇ, ಅಕ್ಕುತಾಯಿ?”

ಸಪನಾ ವರದಿಯನ್ನು ಮತ್ತೊಮ್ಮೆ ಓದಿದಳು. ತಾಯಿ ಒಂದೇ ಎಂದು ಕಾಗದ ಹೇಳುತ್ತಿತ್ತು. ಯಾರ ಮನೆಯಿಂದ ಯಾರ ಮನೆಗೆ ಹೋಯಿತೆಂದು ಹೇಳುತ್ತಿರಲಿಲ್ಲ. ಅಷ್ಟು ಓದಿದವಳಿಗೆ ಇಷ್ಟು ಸಣ್ಣದು ಹೊಳೆಯಲಿಲ್ಲವಲ್ಲ!

“ಲಕ್ಕವ್ವಾರ, ನೀವರ ಹೇಳ್ರಿ. ಅವತ್ತ ಉಡಿ ಒಡ್ಡಿದ್ದು ಯಾರು?” ಎಂದಳು ಸಪನಾ.

ಬಾಗಿಲಲ್ಲಿ ನಿಂತಿದ್ದ ಲಕ್ಕವ್ವ ಗಂಡನ ಮುಖ ನೋಡಿದಳು. “ಅವರ ಹಿತ್ತಲಕ್ಕ ನಾ ಯಾಕ ಹೋಗ್ಲಿ?” ಎಂದು ಸೆರಗು ಸರಿಮಾಡಿಕೊಂಡಳು.

ಕದ್ದ ಮಾಲೆಂದು ಗಡಿಗೆ ಅವತ್ತೇ ದೊಡ್ಡ ಮನೆಗೆ ಹೋಯಿತು. ಮೂರು ದಿನಕ್ಕೆ ಅದೇ ಜೋಳ ಗಿರಣಿಯಲ್ಲಿ ಹಿಟ್ಟಾಗಿ, ನಾಲ್ಕು ರೊಟ್ಟಿಯಾಗಿ ತಿರುಗಿ ಬಂತು. ಕಳ್ಳಿಗೂ ಹೊಟ್ಟೆ ಇರುತ್ತದೆ ಎಂದು ಲಕ್ಕವ್ವ ಹೇಳಿಕಳಿಸಿದ್ದಳು.

ಅವ್ವ ಬೈದಿದ್ದರೆ ಸಪನಾಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ರೊಟ್ಟಿಯ ಚೂರನ್ನು ಮೂಸಿ, ತನ್ನದೇ ಜೋಳವೆಂದು ಗುರುತು ಹಿಡಿದು, ಮೆಲ್ಲಗೆ ಕೇಳಿದಳು: “ಸಪನಾ, ನಿನ್ನ ಮಷೀನ್ದಾಗ ನಾ ಕಳ್ಳಿ ಅಂತನ ಬಂದೈತೇನ?”