ಹೋಗಿ ಬರುವ ಸೂಜಿ

ನಾನೊಂದು ಮನೆಬಳಕೆಯ ಕಂಪ್ಯೂಟರ್. ಹುಟ್ಟಿದ್ದು ದೂರದ ಕಾರ್ಖಾನೆಯೊಂದರಲ್ಲಿ, ನಿಮ್ಮಲ್ಲಿ ಹಲವರು ಹುಟ್ಟುವ ಮೊದಲೇ. ಮೈ ಊಟದ ತಟ್ಟೆಯಷ್ಟಗಲ, ಕೀಲಿಗಳು ರಬ್ಬರಿನವು. ಸ್ವಂತ ಪರದೆ ಇರಲಿಲ್ಲ, ಮನೆಯ ಟಿ.ವಿ.ಯೇ ನನ್ನ ಮುಖ. ಗೊತ್ತಿದ್ದದ್ದು ಬೇಸಿಕ್ ಎಂಬ ಒಂದೇ ಭಾಷೆ. ಸಾಲಿಗೊಂದು ಸಂಖ್ಯೆ ಹಾಕಿ ಬರೆದುಕೊಟ್ಟರೆ ಆ ಕ್ರಮದಲ್ಲೇ ಕೆಲಸ ಮಾಡುತ್ತಿದ್ದೆ. ಕರೆಂಟು ಹೋಯಿತೋ, ಬರೆದುಕೊಟ್ಟದ್ದೆಲ್ಲವನ್ನೂ ಮರೆಯುತ್ತಿದ್ದೆ.

ನನ್ನನ್ನು ಮೊದಲು ಕೊಂಡ ಪುಣೆಯ ರೇಡಿಯೊ ವ್ಯಾಪಾರಿ ಬೇಗನೆ ಬೇಸತ್ತು ಮಾರಿಬಿಟ್ಟ. ಹಾಗೆ ಧಾರವಾಡಕ್ಕೆ ಬಂದು, ಕಾಲೇಜಿನಲ್ಲಿ ಗಣಿತ ಕಲಿಸುವ ಕಮಲಿನಿ ಕಟ್ಟಿಯವರ ಮನೆ ಸೇರಿದೆ. ಪಕ್ಕದ ಮನೆಯ ಎಂಜಿನಿಯರ್ ಹಾವನೂರರ ಬಳಿಯೂ ಒಂದು ಕಂಪ್ಯೂಟರ್ ಇತ್ತು. ಅದರ ಬೇಸಿಕ್ಕಿನ ಠೀವಿಯೇ ಬೇರೆ. ‘ಸರ್ಕಲ್’ ಎಂದರೆ ಸಾಕು, ಬಣ್ಣದ ವೃತ್ತ ಮೂಡುತ್ತಿತ್ತು. ನನ್ನ ಬೇಸಿಕ್ಕಿನಲ್ಲಿ ಬಣ್ಣವೂ ಇಲ್ಲ, ವೃತ್ತವೂ ಇಲ್ಲ. ಒಂದೊಂದೇ ದಪ್ಪ ಚೌಕ ಇಡುತ್ತ ಹೋಗಬೇಕು, ಅದೂ ಆಮೆಯಂತೆ. ಹೊಟ್ಟೆಕಿಚ್ಚು ಪಟ್ಟೆ, ಸುಳ್ಳೇಕೆ ಹೇಳಲಿ?

ಆ ವರ್ಷ ಕಮಲಿನಿಯವರ ನಾದಿನಿ ಶಶಿಕಲೆಯ ಮದುವೆ ನಿಶ್ಚಯವಾಗಿತ್ತು. ಆ ಮನೆಯಲ್ಲಿ ಮದುಮಗಳಿಗೆ ತಾಯಿಯೇ ಕಪ್ಪು ಚಂದ್ರಕಾಳಿ ಸೀರೆಗೆ ಕಸೂತಿ ಹಾಕಿ ಉಡಿಸುವ ರೂಢಿ. ಅತ್ತೆ ವೇಣುತಾಯಿ ಸೆರಗಿನ ಗೋಪುರಗಳನ್ನು ಅರ್ಧ ಮುಗಿಸುವಷ್ಟರಲ್ಲಿ ಕಣ್ಣು ಮಂಜಾದವು. ಎಳೆ ಎಣಿಸಿ ಹಾಕುವ ಹೊಲಿಗೆ; ಕಪ್ಪು ಬಟ್ಟೆಯ ಎಳೆಯೇ ಕಾಣದಾಯಿತು. ಸೊಸೆಗೋ ಸೂಜಿ ಹಿಡಿದು ಗೊತ್ತಿಲ್ಲ. ಮಗಳ ಸೀರೆ ಅರ್ಧಕ್ಕೇ ನಿಂತಿತೆಂದು ಆ ತಾಯಿ ಊಟ ಬಿಟ್ಟು ಕೂತರು.

ಸೊಸೆ ನೋಡಿಕೊಂಡು ಹೊಲಿಯಲೆಂದು ಹಾವನೂರರ ಯಂತ್ರ ಗೋಪುರವನ್ನು ಕಣ್ಣುಮುಚ್ಚಿ ತೆರೆಯುವುದರಲ್ಲಿ ಬಿಡಿಸಿತು. ಚಿತ್ರ ಚೆಂದವಿತ್ತು. ಆದರೆ ಸೂಜಿ ಎಲ್ಲಿ ಹೊರಟು ಎಲ್ಲಿ ತಿರುಗಬೇಕೆಂಬುದು ಅದರಲ್ಲಿ ಎಲ್ಲಿತ್ತು? ಗಂಟು ಹಾಕದೆ, ಒಳಗೂ ಹೊರಗೂ ಒಂದೇ ಸಮ ಕಾಣುವಂತೆ ಹೊಲಿಯಲು ಬೇಕಾದದ್ದು ದಾರಿ. ಕಮಲಿನಿ ನನ್ನ ಮುಂದೆ ಕೂತರು. ಅತ್ತೆ ಬಾಯಲ್ಲಿ ಹೇಳಿದ ದಾರಿಯನ್ನು ಸಾಲುಸಾಲಾಗಿ ಬರೆದರು. ಒಂದು ಕೀಲಿ ಒತ್ತಿದರೆ ಒಂದು ಹೊಲಿಗೆ ಮೂಡಬೇಕು.

ಟಿ.ವಿ.ಗೆ ಮೂಗು ತಾಗಿಸಿ ಕೂತ ವೇಣುತಾಯಿಗೆ ನನ್ನ ದಪ್ಪ ಚೌಕಗಳು ಕಂಡವು! ನನಗೆ ಎಷ್ಟು ಖುಷಿಯಾಯಿತೆಂದರೆ ಹೇಳಲಾರೆ. ಆದರೆ ಗೋಪುರದ ಪಕ್ಕದ ಕವಲಿಗೆ ಹೋದವನು ಅಲ್ಲೇ ನಿಂತುಬಿಟ್ಟೆ.

“ಸೂಜಿ ಹೋತು, ತಿರುಗಿ ಬರಲಿಲ್ಲಲ್ಲವಾ,” ಎಂದರು ವೇಣುತಾಯಿ. “ಮನಿ ಬಿಡೋವಾಗ ನಾವು ಹೋಗಿ ಬರ್ತೀನಿ ಅಂತೀವಿ. ಇದಕ್ಕೂ ಹಂಗ ಹೇಳು.”

ಕಮಲಿನಿ ಬರೆದಿದ್ದದ್ದು ‘ಗೋಟು’. ಅದು ಹೋಗು ಎನ್ನುತ್ತದೆ, ಬಾ ಎನ್ನುವುದಿಲ್ಲ. ನನ್ನ ಬಡ ಬೇಸಿಕ್ಕಿನಲ್ಲೂ ‘ಗೋಸಬ್’ ಎಂಬ ಇನ್ನೊಂದು ಆಜ್ಞೆಯಿತ್ತು: ಹೋಗಿ, ಕೆಲಸ ಮುಗಿಸಿ, ‘ರಿಟರ್ನ್’ ಕಂಡೊಡನೆ ಹೊರಟಲ್ಲಿಗೇ ಮರಳುವುದು. ಕಮಲಿನಿ ತಿದ್ದಿದರು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕಿ, ಬರುವಾಗ ಬಿಟ್ಟದ್ದನ್ನೆಲ್ಲ ತುಂಬುತ್ತ ನಾನು ಮರಳಿದೆ.

ಆಮೇಲೆ ಸೊಸೆ ನನ್ನನ್ನು ನೋಡಿ ಹೊಲಿದರು, ಅತ್ತೆ ಬೆರಳಿನಿಂದ ತಡವಿ ತಪ್ಪಿದ್ದನ್ನು ಬಿಚ್ಚಿಸಿದರು. ಶಶಿಕಲೆ ಆ ಸೀರೆಯುಟ್ಟೇ ಹಸೆಮಣೆ ಏರಿದಳು.

ಈಗ ನಾನು ಕಪಾಟಿನ ಮೇಲಿದ್ದೇನೆ. ಹೊಸ ಟಿ.ವಿ.ಗಳಿಗೆ ನನ್ನ ಗುರುತಿಲ್ಲ. ಕಲಿತ ಗೋಪುರವನ್ನೂ ಎಂದೋ ಮರೆತೆ. ವೇಣುತಾಯಿ ಹೋದರು, ಅವರು ತಿರುಗಿ ಬರಲಿಲ್ಲ. ಕಮಲಿನಿ ಮಾತ್ರ ಈಗ ಯಾವ ಪರದೆಯೂ ಇಲ್ಲದೆ ಹೊಲಿಯುತ್ತಾರೆ. ಧೂಳು ಕೂರದಿರಲೆಂದು ನನಗೂ ಒಂದು ಕಪ್ಪು ಹೊದಿಕೆ ಹೊಲಿದು ಅದೇ ಗೋಪುರ ಹಾಕಿದ್ದಾರೆ. ಬಂದವರು ಹೊರಗಿನಿಂದ ನೋಡಿ ಹೊಗಳುತ್ತಾರೆ. ನಾನು ಒಳಗಿನಿಂದ ನೋಡುತ್ತೇನೆ. ಇಲ್ಲಿಂದಲೂ ಅದೇ ಗೋಪುರ, ಒಂದೂ ಗಂಟಿಲ್ಲ.